ಹಾಜಿಯವರು ಕಿತ್ತ ಟೇಪು

ಕಳೆದ ವಾರ ಏಸಿ ರಿಪೇರಿಗೆ ಬಂದವನು ಕಿಟಕಿಯ ಸಂದಿಗೆ ಬೆಳ್ಳಿ ಬಣ್ಣದ ಟೇಪು ಹಚ್ಚತೊಡಗಿದ. ಸುರುಳಿಯಿಂದ ಪಟ್ಟಿ ಬಿಚ್ಚಿಕೊಳ್ಳುವ ಕರ್ಕಶ ಸದ್ದು, ಅಂಟಿನ ಆ ಘಾಟು... ಈ ಕೊಲ್ಲಿ ನಾಡಿನ ಬುದಯ್ಯದಲ್ಲಿ ನಮ್ಮ ಕಟ್ಟಡದ ಕೆಳಗೆ ಕೋಲ್ಡ್ ಸ್ಟೋರ್ ಇಟ್ಟಿದ್ದ ಹಾಜಿಯವರು ಕಣ್ಣೆದುರು ಬಂದು ನಿಂತರು.

ಹಾಲು, ಮೊಸರು, ದಿನಸಿ ಮಾರುವ ಮೂಲೆಯಂಗಡಿಗೆ ಇಲ್ಲಿ ಹಾಗೆನ್ನುತ್ತಾರೆ. ಹಾಜಿಯವರು ಉಳ್ಳಾಲದ ಕಡೆಯವರು. ಅವರ ಮೇಲೆ ನನಗೆ ಮೊದಲಿನಿಂದಲೂ ಅಸಮಾಧಾನವಿತ್ತು, ಕಾರಣವಿಲ್ಲದೆ ಅಲ್ಲ. ಮೊಸರಿನ ಡಬ್ಬದ ಮೇಲಿನ ದಿನಾಂಕ ಓದಿಯೇ ಕೊಳ್ಳುವುದು ನನ್ನ ಪದ್ಧತಿ. ಒಮ್ಮೆ ನಾಲ್ಕು ಗಿರಾಕಿಗಳ ಎದುರು ಅವರು, "ನೀವು ಓದಿ ಮುಗಿಸುವಾಗ ಮೊಸರು ಹುಳಿಯಾಗ್ತದೆ ರಾಯ್ರೇ" ಎಂದರು. ನಾಲ್ವರೂ ನಕ್ಕರು. ಅವರಲ್ಲಿ ಇಬ್ಬರು ನನ್ನ ಕಚೇರಿಯವರೇ.

ಆ ಚಳಿಗಾಲದಲ್ಲಿ ನನ್ನ ಹೆಂಡತಿ ನ್ಯುಮೋನಿಯಾದಿಂದ ಆಗಷ್ಟೇ ಎದ್ದಿದ್ದಳು. ಊರಿಗೆ ಊರೇ ಸಖೀರ್ ಮರಳುಗಾಡಿನಲ್ಲಿ ಡೇರೆ ಹಾಕುವ ಕಾಲ. ಅವಳಿಗೂ ಎರಡು ದಿನ ಅಲ್ಲಿರುವ ಆಸೆ. ಚಳಿ ತಾಗಬಾರದೆಂದು ವೈದ್ಯರು ಎಚ್ಚರಿಸಿದ್ದರು. ಕಾರಿನ ಹಿಂದೆ ಎಳೆದೊಯ್ಯುವ ಪುಟ್ಟ ಗಾಲಿಮನೆ, ಗೆಳೆಯರೊಬ್ಬರ ಕಾರವಾನ್, ಕೇಳಿ ಪಡೆದೆ. ನಾನು ಇಂಜಿನಿಯರ್; ಕೆಲಸವನ್ನು ಅರ್ಧಕ್ಕೆ ಬಿಡುವವನಲ್ಲ. ಕಿಟಕಿಗಳ ಅಂಚು, ಚಾವಣಿಯ ಗಾಳಿಕಿಂಡಿ, ತಂತಿ ಹಾಯುವ ತೂತು, ಎಲ್ಲಕ್ಕೂ ಎರಡು ಪದರ ಟೇಪು ಹಚ್ಚಿದೆ. ಬಾಗಿಲ ಬುಡಕ್ಕೆ ಟವೆಲ್ ತುರುಕಿದೆ.

ಪಕ್ಕದ ಡೇರೆ ಹಾಜಿಯವರದು. ಅದು ಆಕಸ್ಮಿಕವೆಂದು ನಾನು ಆಗಲೂ ನಂಬಲಿಲ್ಲ. ಅವರು ನಮ್ಮ ಕಾರವಾನನ್ನು ಎರಡು ಸಲ ಸುತ್ತಿದರು. ಒಮ್ಮೆ ಕಿಟಕಿಯ ಬಳಿ ನಿಂತು ಬೆರಳಿನಿಂದ ಟೇಪು ಮುಟ್ಟಿ ನೋಡಿದರು. ಸಂಜೆ ಜನರೇಟರ್ ನಿಂತುಹೋದದ್ದು ಅವರು ಅತ್ತ ಸುಳಿದ ಮೇಲೆಯೇ ಎಂಬುದನ್ನು ಮನಸ್ಸಿನಲ್ಲಿ ಗುರುತು ಹಾಕಿಕೊಂಡೆ.

ಹೀಟರ್ ಆರಿತು. ಇದ್ದಿಲ ಒಲೆಯನ್ನು ಹೊರಗೆ ಹೊತ್ತಿಸಿ, ಹೊಗೆ ಪೂರ್ತಿ ನಿಂತು ಕೆಂಡವಾದ ಮೇಲೆಯೇ ಒಳಗೆ ತಂದಿಟ್ಟೆ. ಹೆಂಡತಿ ಕೈ ಕಾಯಿಸಿಕೊಂಡು, "ಹಾಯೆನಿಸಿತು ಕಣ್ರೀ" ಎಂದಳು. ಶುಂಠಿ ಚಹಾ ಹಿಡಿದು ಬಂದ ಹಾಜಿಯವರು ಬಾಗಿಲಲ್ಲೇ ನಿಂತರು.

"ಇದೆಂತ ರಾಯ್ರೇ, ಉಪ್ಪಿನಕಾಯಿ ಭರಣಿಯಾ? ಮೇಲಿನ ಕಿಂಡಿಯಾದ್ರೂ ಬಿಡಿ ಮಾರಾಯ್ರೇ."

"ಹೊಗೆ ಎಲ್ಲಿದೆ, ತೋರಿಸಿ" ಎಂದೆ.

"ಕಾಣುವ ಹೊಗೆಯಾದ್ರೆ ನಾನು ಯಾಕೆ ಹೇಳ್ಬೇಕು?"

ಮತ್ತದೇ ಧಾಟಿ, ಈ ಸಲ ಹೆಂಡತಿಯ ಎದುರು. ಚಹಾ ಬೇಡವೆಂದು ಬಾಗಿಲು ಮುಚ್ಚಿದೆ. ಅವಳು ಹೊದ್ದು ಮಲಗಿದ ಮೇಲೆ ಟವೆಲನ್ನು ಹೊರಗಿನಿಂದ ಒತ್ತಿ, ಕ್ಯಾನ್ ಹಿಡಿದು ಪೆಟ್ರೋಲ್ ತರಲು ಹೋದೆ.

ಮುಕ್ಕಾಲು ಗಂಟೆಯ ನಂತರ ಹಿಂತಿರುಗಿದಾಗ ಬಾಗಿಲು ಹಾರುಹೊಡೆದಿತ್ತು. ಟೇಪಿನ ಪಟ್ಟಿಗಳು ಗಾಳಿಗೆ ಪಟಪಟನೆ ಬಡಿಯುತ್ತಿದ್ದವು. ಒಲೆ ಮರಳಿನಲ್ಲಿ ಬೋರಲಾಗಿತ್ತು. ನನ್ನ ಹೆಂಡತಿ, ಚಳಿ ತಾಗಬಾರದ ಹೆಂಗಸು, ಬಯಲಲ್ಲಿ ಯಾರದೋ ಕಂಬಳಿ ಹೊದ್ದು ವಾಂತಿ ಮಾಡುತ್ತಿದ್ದಳು. ಹಾಜಿಯವರ ಮಡದಿ ಅವಳ ಹಣೆ ಹಿಡಿದಿದ್ದರು.

"ಯಾರ ಅಪ್ಪಣೆ ಪಡೆದು ಒಳಗೆ ಹೋದಿರಿ?" ಎಂದು ಕೂಗಿದೆ.

ಹಾಜಿಯವರು ದನಿ ಏರಿಸಲಿಲ್ಲ. "ಮೂರು ಸಲ ಕರೆದೆ. ಅಕ್ಕ ಓ ಅನ್ಲಿಲ್ಲ. ಅಪ್ಪಣೆ ಯಾರ ಹತ್ರ ಕೇಳ್ಬೇಕಿತ್ತು?" ಎಂದು ತಮ್ಮ ಕಾರಿನ ಬಾಗಿಲು ತೆರೆದರು.

ಕೆಂಡದಿಂದ ಏಳುವ, ಕಣ್ಣಿಗೆ ಕಾಣದ ವಿಷಾನಿಲದಲ್ಲಿ ಇನ್ನರ್ಧ ಗಂಟೆ ಕಳೆದಿದ್ದರೆ ಕಷ್ಟವಿತ್ತೆಂದು ಆಸ್ಪತ್ರೆಯ ವೈದ್ಯರು ನನ್ನ ಮುಖ ನೋಡದೆ ಹೇಳಿದರು. ಜನರೇಟರಿನ ಟ್ಯಾಂಕ್ ಬರಿದಾಗಿತ್ತು, ಅಷ್ಟೇ. ಹೊರಡುವ ಮುನ್ನ ತುಂಬಿಸಬೇಕಾದವನು ನಾನು.

ಕೃತಜ್ಞತೆ ಹೇಳಲು ನಾನು ಹೋಗಲಿಲ್ಲ. ರಸ್ತೆಯ ಆಚೆಯ ಅಂಗಡಿಯಲ್ಲಿ ಮೊಸರು ಕೊಳ್ಳತೊಡಗಿದೆ. ಹಳೆಯ ಅವಮಾನವೇ ಅದಕ್ಕೆ ಕಾರಣವೆಂದು ನನಗೆ ನಾನೇ ಹೇಳಿಕೊಂಡೆ. ಎದುರು ಸಿಕ್ಕಾಗಲೆಲ್ಲ ಅವರು "ಅಕ್ಕ ಹೇಗಿದ್ದಾರೆ ರಾಯ್ರೇ?" ಎನ್ನುತ್ತಿದ್ದರು. ಈ ಪ್ರಶ್ನೆಯಲ್ಲೂ ಚುಚ್ಚುಮಾತಿದೆಯೇ ಎಂದು ನಾನು ತೂಗಿ ನೋಡುತ್ತಿದ್ದೆ... ಇರಲಿಲ್ಲ. ಒಂದು ರಂಜಾನಿಗೆ ಮುಂಚೆ ಅವರು ಊರಿಗೆ ಹೋದರು. ಅಲ್ಲೇ ತೀರಿಕೊಂಡರೆಂದು ನನಗೆ ತಿಳಿಸಿದವಳು ಹೆಂಡತಿ. ಅಷ್ಟು ವರ್ಷವೂ ಅವಳು ಅವರ ಅಂಗಡಿಗೇ ಹೋಗುತ್ತಿದ್ದಳಂತೆ. ನಾನು ಅದನ್ನು ಗಮನಿಸಿರಲಿಲ್ಲ. ಎಲ್ಲವನ್ನೂ ಗಮನಿಸುವವನು ನಾನು.

ಏಸಿಯವನಿಗೆ ಮೇಲಿನ ಮೂಲೆಯಲ್ಲಿ ಬೆರಳಗಲ ಬಿಡಲು ಹೇಳಿದೆ. "ಚಳಿಗಾಲದಲ್ಲಿ ಗಾಳಿ ನುಗ್ಗುತ್ತೆ ಸಾರ್" ಎಂದ. ನುಗ್ಗಲಿ ಎಂದೆ. ಸಂಜೆ ಕೆಳಗಿಳಿದೆ. ಹಾಜಿಯವರ ಅಂಗಡಿಯನ್ನು ಈಗ ಬೇರೆ ಯಾರೋ ನಡೆಸುತ್ತಾರೆ. ಮೊಸರಿನ ಡಬ್ಬ ಕೈಗೆತ್ತಿಕೊಂಡು, ದಿನಾಂಕ ಓದಿ ಮುಗಿಸಿಯೂ ಬಹಳ ಹೊತ್ತು ಹಾಗೆಯೇ ನಿಂತಿದ್ದೆ... ಯಾರೂ ಏನೂ ಅನ್ನಲಿಲ್ಲ.