ಎದೆಯ ಮೇಲೆ ಎದ್ದು ನಿಂತ ತೆಂಗಿನಕಾಯಿ

ಅಂಗೈ ಮೇಲೆ ತೆಂಗಿನಕಾಯಿ ಮಲಗಿಸಿಕೊಂಡು ಹೊಲ ಸುತ್ತಿ, ಕಾಯಿ ಎದ್ದು ನಿಂತ ಕಡೆ 'ಇಲ್ಲಿ ಬೋರ್ ಕೊರೆಸ್ರಿ, ನೀರೈತೆ' ಎನ್ನುವವರನ್ನು ನಾನು ಜನ್ಮದಲ್ಲಿ ನಂಬಿದವನಲ್ಲ. ನಾನು ಸರ್ಕಾರಿ ಭೂವಿಜ್ಞಾನಿಯಾಗಿದ್ದೆ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಬಂಡೆಗಳನ್ನೆಲ್ಲ ಯಂತ್ರ ಹಿಡಿದು ಮರ್ಯಾದೆಯಿಂದ ನೀರು ಕೇಳಿದವನು. ಅವು ಅನೇಕ ಸಲ ಕೊಡಲಿಲ್ಲ, ಅದು ಬೇರೆ ವಿಷಯ. ಕಾಯಿ ಏಳುವುದೆಲ್ಲ ಮಣಿಕಟ್ಟಿನ ಕಸರತ್ತು ಎಂದು ಸಭೆಗಳಲ್ಲಿ ಗೇಲಿ ಮಾಡಿದ್ದೆ. ನನ್ನ ದುರದೃಷ್ಟಕ್ಕೆ ಹೆಂಡತಿಯ ತಮ್ಮ ತಿಪ್ಪೇಶನ ಕಸುಬೇ ಅದು.

ಕೆಲವು ವರ್ಷಗಳ ಹಿಂದೆ ನನಗೆ ಹೃದಯಾಘಾತವಾಗಿ ಸ್ಟೆಂಟ್ ಹಾಕಿದರು. ಮೂರು ತಿಂಗಳಾದರೂ ಏದುಸಿರು ಹೋಗಲಿಲ್ಲ. ಹೃದಯದ ಮುಂಭಾಗ ಪೂರ್ತಿ ಮಂಕಾಗಿದೆ, ಅದು ಸತ್ತಿದೆಯೋ ನಿದ್ದೆ ಮಾಡುತ್ತಿದೆಯೋ ತಿಳಿಯಲು ನ್ಯೂಕ್ಲಿಯರ್ ಸ್ಕ್ಯಾನ್ ಆಗಬೇಕು, ರಕ್ತ ಸರಿಯಾಗಿ ಹರಿಯದಿದ್ದರೆ ಎದೆ ತೆರೆದು ಬೈಪಾಸ್ ಎಂದರು ಡಾಕ್ಟರು. ಆಮೇಲೆ ನಾನು ತೋರಿಸಿದ ಧೈರ್ಯವೆಲ್ಲ ನಟನೆ.

ಸ್ಕ್ಯಾನಿನ ಹಿಂದಿನ ದಿನ ಬೆಳಗ್ಗೆ ತಿಪ್ಪೇಶ ಯಲ್ಲದಕೆರೆಯಿಂದ ಚಿತ್ರದುರ್ಗದ ನಮ್ಮ ಮನೆಗೆ ಬಂದ. ಕಾಫಿ ಕುಡಿಯಬಾರದೆಂದು ಆಸ್ಪತ್ರೆಯವರು ಹೇಳಿದ್ದರಿಂದ ನಾನು ಲೋಕದ ಮೇಲೆಲ್ಲ ಮುನಿಸಿಕೊಂಡು ದಿವಾನದ ಮೇಲೆ ಬಿದ್ದಿದ್ದೆ.

"ಅದೇನ್ ಭಾವ, ಸೂಜಿಯಾಗೆ ಔಷಧ ಬಿಟ್ಟು ರಕ್ತ ಎಲ್ಲಿ ಹರೀತೈತೆ ಅಂತ ನೋಡ್ತಾರಂತೆ?"

"ಹೌದು. ರಕ್ತ ಹೋದ ಕಡೆಯೆಲ್ಲ ಕ್ಯಾಮೆರಾದಲ್ಲಿ ಹೊಳೆಯುತ್ತದೆ."

"ನಮ್ಮಂಗೆ ನೀರಿನ ಪಾಯಿಂಟ್ ನೋಡಾದು ಅನ್ರಿ. ಅದಕ್ಯಾಕೆ ಆಸ್ಪತ್ರೆಗಂಟ ಹೋಗಾದು? ಅಂಗೇ ಮಲಿಕ್ಕಂಡಿರ್ರಿ."

"ಲೇ, ಅವರೇ ಹೆದ್ರಿ ಸಾಯ್ತಾವ್ರೆ, ನಿಂದೊಂದು ಆಟ!" ಎಂದು ಹೆಂಡತಿ ಗದರಿದಳು. ಅವನು ಆಗಲೇ ಚೀಲದಿಂದ ಜುಟ್ಟಿನ ಕಾಯಿ ತೆಗೆದು ಅಂಗೈ ಮೇಲೆ ಅಡ್ಡ ಮಲಗಿಸಿ, ನನ್ನ ಎದೆಯಿಂದ ಗೇಣು ಮೇಲೆ ಸರಿಸತೊಡಗಿದ್ದ. ಎಡಗಡೆ ಕಾಯಿ ನಿಧಾನವಾಗಿ ಎದ್ದು ನಿಂತಿತು. ಮೊಲೆಯ ಕೆಳಗೊಂದು ಕಡೆ ಮಲಗಿತು. ಅದನ್ನು ದಾಟಿದ ಮೇಲೆ ಮತ್ತೆ ಎದ್ದಿತು.

"ಇಲ್ಲೊಂದು ರೂಪಾಯಿ ಅಗಲ ಒಣಗೈತೆ ಭಾವ. ಮಿಕ್ಕಿದ್ದೆಲ್ಲ ನೀರೈತೆ. ಕೊಯ್ಯಾದು ಏನಿಲ್ಲ."

"ನಿನ್ನ ಮಣಿಕಟ್ಟಿಗೆ ಡಾಕ್ಟರ್ ಪದವಿ ಕೊಡಬೇಕು," ಎಂದು ಕಾಯಿ ಕಿತ್ತುಕೊಂಡೆ. ವಿಜ್ಞಾನದ ಪರವಾಗಿ ಕಳ್ಳನನ್ನು ಹಿಡಿಯಲು ಅದು ನನ್ನ ಕೊನೆಯ ಅವಕಾಶ. ನನ್ನದೇ ಬಲ ಅಂಗೈ ಮೇಲೆ ಕಾಯಿ ಇಟ್ಟು, ಮಣಿಕಟ್ಟು ಅಲುಗದಂತೆ ಎಡಗೈಯಿಂದ ಬಿಗಿಹಿಡಿದು, ಎದೆಯ ಮೇಲೆ ಸರಿಸಿದೆ. ಕಾಯಿ ಎದ್ದಿತು. ನಾನು ಎಬ್ಬಿಸಲಿಲ್ಲ. ಅಂಗೈಯಲ್ಲಿ ಮೊಲದ ಮರಿ ಹೊರಳಿದಂತಿತ್ತು. ಅವನು ತೋರಿಸಿದ ಜಾಗದಲ್ಲೇ ಮಲಗಿತು. ಮೂರು ಸಲ ಮಾಡಿದೆ, ಮೂರು ಸಲವೂ ಹಾಗೇ. ತಿಪ್ಪೇಶ ನಗಲಿಲ್ಲ. ನನಗೆ ಹೆಚ್ಚು ಹೆದರಿಕೆ ತಂದದ್ದು ಅದು. ಸಂಜೆ ಹೆಂಡತಿ ಆ ಕಾಯಿಯನ್ನು ಒಡೆದು ಚಟ್ನಿ ಅರೆದಳು. ಮರುಪರೀಕ್ಷೆ ಅಲ್ಲಿಗೆ ಮುಗಿಯಿತು.

ಮರುದಿನ ಆಸ್ಪತ್ರೆಯಲ್ಲಿ ಸೂಜಿ ಚುಚ್ಚಿ, ಕೈ ತಲೆಯ ಮೇಲೆತ್ತಿಸಿ ಕ್ಯಾಮೆರಾದಡಿ ಮಲಗಿಸಿದರು. ಮಧ್ಯಾಹ್ನ ಡಾಕ್ಟರು ಪರದೆ ತಿರುಗಿಸಿದರು. ಹೃದಯದ ಮುಂಭಾಗ ಕಿತ್ತಳೆ, ಹಳದಿಯಾಗಿ ಉರಿಯುತ್ತಿತ್ತು. ತುದಿಯಲ್ಲಿ ಮಾತ್ರ ಒಂದು ಕಪ್ಪು ಚುಕ್ಕೆ.

"ಹೋಗಿರೋದು ಇಷ್ಟೇ. ಉಳಿದ ಕಡೆಗೆಲ್ಲ ರಕ್ತ ಚೆನ್ನಾಗಿ ಹೋಗ್ತಿದೆ, ಸ್ಟೆಂಟ್ ಕೆಲಸ ಮಾಡಿದೆ. ಆಪರೇಷನ್ ಬೇಡ, ಮಾತ್ರೆ ಸಾಕು."

ಆ ಚುಕ್ಕೆ ಎದೆಯ ಮೇಲೆ ಎಲ್ಲಿ ಬರುತ್ತದೆ ಎಂದು ಕೇಳಿದೆ. ಬೆರಳಿಟ್ಟು ತೋರಿಸಿದರು. ಅಲ್ಲೇ. ನಾನು ಆ ಕೈಯನ್ನೇ ಹಿಡಿದುಕೊಂಡು ಅತ್ತುಬಿಟ್ಟೆ. ಸಂತೋಷಕ್ಕೆ ಎಂದುಕೊಂಡರು. ಮುಕ್ಕಾಲು ಪಾಲು ಸಂತೋಷವೇ.

ಹೃದಯದ ತುದಿ ಎಲ್ಲರಿಗೂ ಅಲ್ಲೇ ಇರುತ್ತದೆ, ನಿಮ್ಮ ಕೈ ಅವನ ಕೈಯನ್ನು ಅನುಕರಿಸಿತು ಎಂದು ನೀವು ಹೇಳಬಹುದು. ನಾನೂ ಹೇಳಿಕೊಂಡಿದ್ದೇನೆ. ಸತ್ತಿರುವುದು ಅಷ್ಟೇ ಅಗಲ ಎಂದು ಅವನ ಕೈಗೆ ಹೇಳಿದವರು ಯಾರು ಎನ್ನುವಲ್ಲಿಗೆ ಬಂದರೆ ನನ್ನ ವಿಜ್ಞಾನ ಕೆಮ್ಮುತ್ತದೆ.

ಆಸ್ಪತ್ರೆಯ ಹೊರಗೆ ನಿಂತು ತಿಪ್ಪೇಶನಿಗೆ ಫೋನ್ ಮಾಡಿ, ಆಪರೇಷನ್ ಇಲ್ಲವಂತೆ ಎಂದೆ. ಒಂದು ಬೋರಿನಲ್ಲಿ ನೀರು ಬಿದ್ದರೆ ಮೂರು ಊರಿಗೆ ಸಾರುವ ಆಸಾಮಿ. ಚುಕ್ಕೆ ಎಲ್ಲಿತ್ತು ಎಂದು ಕೇಳಿಯೇ ಕೇಳುತ್ತಾನೆಂದು ಕಾದೆ.

"ಬಿಸ್ಲು ಜಾಸ್ತಿ ಐತೆ, ನೆಳ್ಳಾಗೆ ನಿಂತ್ಕಳ್ರಿ ಭಾವ," ಎಂದು ಫೋನ್ ಇಟ್ಟುಬಿಟ್ಟ.

ಇವತ್ತಿನವರೆಗೂ ಅವನು ಕೇಳಿಲ್ಲ. ನಾನೂ ಹೇಳಿಲ್ಲ.