ದೊಡ್ಡಮ್ಮನಿಗಾಗಿ ಅಳಬೇಕಾದವಳು

ಜರ್ಮನಿಯಲ್ಲಿ ಮೊದಲ ಸಲ ನಾನು ವೇದಿಕೆ ಹತ್ತುವ ಮುನ್ನ, ಆಜಾನುಬಾಹು ಗಂಡಸೊಬ್ಬ ಹಿಂದಿನಿಂದ ಬಂದು ನನ್ನ ಎಡಭುಜದ ಮೇಲೆ ಮೂರು ಸಲ ಉಗಿದ. ಎಂಜಲು ಬೀಳಲಿಲ್ಲ, ಸದ್ದು ಮಾತ್ರ. ‘ತೋಯ್, ತೋಯ್, ತೋಯ್’ ಅಂದ. ನಮ್ಮ ಜೊತೆ ಹಾಡುವವನೇ, ಕೆಳಗಿನ ದನಿಯವನು. ಊರಿನಲ್ಲಿ ದೊಡ್ಡಮ್ಮ ದೃಷ್ಟಿ ನಿವಾಳಿಸಿ ‘ಥೂ ಥೂ ಥೂ’ ಅನ್ನುತ್ತಿದ್ದದ್ದು ನೆನಪಾಗಿ ನನ್ನ ಕಣ್ಣು ತುಂಬಿತು. ಧನ್ಯವಾದ ಅಂದುಬಿಟ್ಟೆ. ಅವನ ಮುಖ ಕಪ್ಪಿಟ್ಟಿತು. ಹಾಗೆ ಹಾರೈಸಿದವರಿಗೆ ಧನ್ಯವಾದ ಹೇಳಿದರೆ ಹಾರೈಕೆ ಕೆಡುತ್ತದಂತೆ, ಬಾಯಿ ಮುಚ್ಚಿಕೊಂಡಿರಬೇಕಂತೆ. ಇದನ್ನು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಒಪೆರಾ ಅಂದರೆ ಹೆಚ್ಚು ಕಡಿಮೆ ನಮ್ಮ ಕಂಪನಿ ನಾಟಕವೇ. ಆದರೆ ಇಲ್ಲಿ ಉಪ್ಪು ಕೊಡು ಅನ್ನುವುದನ್ನೂ ಹಾಡಿಯೇ ಹೇಳಬೇಕು, ಅದೂ ಮೈಕಿಲ್ಲದೆ. ಹೆಂಗಸರ ದನಿಗಳಲ್ಲಿ ಎಲ್ಲಕ್ಕಿಂತ ಮೇಲಿನದನ್ನು ಸೊಪ್ರಾನೋ ಅನ್ನುತ್ತಾರೆ. ನನ್ನದು ಅದು. ಅರಸೀಕೆರೆಯ ಕೊಬ್ಬರಿ ವ್ಯಾಪಾರಿಯ ಮಗಳಿಗೆ ಇದು ಎಲ್ಲಿಂದ ಅಂಟಿತು ಎಂದು ಊರಿನವರು ಈಗಲೂ ಕೇಳುತ್ತಾರೆ. ಮಿಷನ್ ಶಾಲೆಯ ಸಿಸ್ಟರ್ ಒಬ್ಬರು ಪ್ರಾರ್ಥನೆಯ ಹೊತ್ತಿಗೆ ನನ್ನ ದನಿ ಗುರುತಿಸಿ ಬೆಂಗಳೂರಿನ ಒಬ್ಬ ಪಿಯಾನೋ ಮೇಷ್ಟರಿಗೆ ಒಪ್ಪಿಸಿದರು. ಅಲ್ಲಿಂದ ವಿದ್ಯಾರ್ಥಿವೇತನ, ತೊಂಬತ್ತರ ದಶಕದ ನಡುವಿನಲ್ಲಿ ಜರ್ಮನಿಯ ಈ ಊರು.

ಹಾಡುವವರಿಗೆ ಇಲ್ಲಿ ಮನೆ ಸಿಗುವುದಿಲ್ಲ. ಸಂಗೀತಕ್ಕೆ ಇಷ್ಟೊಂದು ಮರ್ಯಾದೆ ಕೊಡುವ ದೇಶ, ಪಕ್ಕದ ಮನೆಯಲ್ಲಿ ಹಾಡಿದರೆ ಮಾತ್ರ ಸಹಿಸದು. ಮಧ್ಯಾಹ್ನ ‘ರೂಹೆ’, ಅಂದರೆ ಸದ್ದಿಲ್ಲದ ಹೊತ್ತು. ಆಗ ಒಗ್ಗರಣೆಯ ಸೌಟು ಬಾಣಲೆಗೆ ತಾಗಿದರೂ ಕೆಳಗಿನ ಮನೆಯಾಕೆ ಬಂದು ಬಾಗಿಲು ತಟ್ಟುತ್ತಿದ್ದಳು. ನಮ್ಮ ಪೇಟೆಬೀದಿಯಲ್ಲಿ ಮಗು ಸುಮ್ಮನಿದ್ದರೆ ಜ್ವರವೇನೋ ಎಂದು ಹಣೆ ಮುಟ್ಟಿ ನೋಡುತ್ತಾರೆ. ಕೊನೆಗೆ ಮುಚ್ಚಿಹೋದ ಕಸಾಯಿ ಅಂಗಡಿಯ ಮೇಲೊಂದು ಕೋಣೆ ಸಿಕ್ಕಿತು. ಲಿಂಗ ಕಟ್ಟಿದ ಮನೆತನದವಳು ಅಲ್ಲಿದ್ದೇನೆ ಎಂದು ಅಮ್ಮನಿಗೆ ಇವತ್ತಿಗೂ ಹೇಳಿಲ್ಲ.

ಭಾಷೆಯದು ಇನ್ನೊಂದು ಪಾಡು. ಸಾವೇ ಬಾ, ನನ್ನನ್ನು ಕರೆದುಕೋ ಎಂದು ಮೂರು ಭಾಷೆಗಳಲ್ಲಿ ಹೇಳಬಲ್ಲೆ. ಅರ್ಧ ಕಿಲೋ ಈರುಳ್ಳಿ ಕೊಡಿ ಎನ್ನಲು ಬರುತ್ತಿರಲಿಲ್ಲ. ರಾತ್ರಿ ಊಟಕ್ಕೆ ಇವರು ತಣ್ಣನೆಯ ಬ್ರೆಡ್ ತಿನ್ನುತ್ತಾರೆ. ಊರಿಂದ ತಂದ ರಾಗಿಹಿಟ್ಟನ್ನು ನಾನು ಹಬ್ಬಕ್ಕೆ ಎಂದು ಎತ್ತಿಟ್ಟು, ಹಬ್ಬ ಬಂದಾಗ ಒಬ್ಬಳೇ ಮುದ್ದೆ ತಿರುವಿ, ನುಂಗಲಾಗದೆ ಕೂತಿದ್ದೇನೆ.

ಅಷ್ಟಾದರೂ ಮೇಲೆ ಬಂದೆ. ಮೇಳದಲ್ಲಿ ನಿಂತೆ, ದಾಸಿಯ ಪಾತ್ರ ಮಾಡಿದೆ, ಕೊನೆಗೊಂದು ದಿನ ನಾಯಕಿಯ ಪಾತ್ರವೇ ಬಂತು. ತಂದೆಯ ಹೆಣದ ಮುಂದೆ ಮಗಳು ಅಳುವ ದೊಡ್ಡ ಹಾಡೊಂದು ಅದರಲ್ಲಿತ್ತು. ತಾಲೀಮಿನಲ್ಲಿ ನನಗೆ ನಿಜವಾಗಿ ಅಳು ಬಂದು ದನಿ ಒಡೆಯಿತು. ಹಾಡು ಹೇಳಿಕೊಡುತ್ತಿದ್ದ ವಯಸ್ಸಾದ ಟೀಚರ್ ಪಿಯಾನೋ ಮುಚ್ಚಿಬಿಟ್ಟರು. ಅಳುವುದು ಕೇಳುವವರ ಕೆಲಸ, ನಿನ್ನದಲ್ಲ. ನೀನು ಅತ್ತರೆ ಗಂಟಲು ಕಟ್ಟುತ್ತದೆ ಎಂದರು.

ಈ ಪಾಠ ನನಗೆ ಹೊಸದಲ್ಲ. ದೊಡ್ಡಮ್ಮ, ಅಂದರೆ ಅಮ್ಮನ ಅಕ್ಕ, ಹಳೇಬೀಡಿನ ಪಕ್ಕದ ಬಸ್ತಿಹಳ್ಳಿಗೆ ಸೇರಿದವಳು. ಗಂಡ ಬೇಗ ಹೋದ, ಮಕ್ಕಳಿಲ್ಲ. ನನ್ನ ಶಾಲೆಯ ರಜೆಗಳೆಲ್ಲ ಅವಳ ಮನೆಯಲ್ಲೇ ಕಳೆದವು. ಸಾವಿನ ಮನೆಯಲ್ಲಿ ಹೇಳಿಕೊಂಡು ಅಳುವುದರಲ್ಲಿ ಅವಳ ಸಮ ಯಾರೂ ಇರಲಿಲ್ಲ. ಬೇಲೂರಿಂದ, ಗೆಂಡೆಹಳ್ಳಿಯಿಂದಲೂ ಅವಳಿಗೆ ಹೇಳಿಕಳಿಸುತ್ತಿದ್ದರು. ವಿಭೂತಿ ಬಳಿದು ಗೋಡೆಗೆ ಒರಗಿಸಿ ಕೂರಿಸಿದ ಹೆಣದ ಪಕ್ಕ ಕೂತು, ಸತ್ತವರು ನೆಟ್ಟ ತೆಂಗು, ಮುರಿಯುವುದರಲ್ಲಿದ್ದು ಅವರು ಉಳಿಸಿದ ಮದುವೆ, ಬಾಯಿ ಚಪ್ಪರಿಸಿ ಉಣ್ಣುತ್ತಿದ್ದ ಹುರುಳಿ ಬಸ್ಸಾರು, ಒಂದೊಂದನ್ನೇ ರಾಗವಾಗಿ ಎತ್ತುತ್ತಿದ್ದಳು. ಸೊಸೆಯಂದಿರೂ ಅತ್ತುಬಿಡುತ್ತಿದ್ದರು. ಅವಳ ಕಣ್ಣು ಮಾತ್ರ ಒಣಗಿರುತ್ತಿತ್ತು. ನೀನ್ಯಾಕೆ ಅಳಲ್ಲ ಎಂದು ಚಿಕ್ಕವಳಾಗಿದ್ದಾಗ ಕೇಳಿದ್ದೆ.

‘ನಾನೂ ಅತ್ರೆ ಹೇಳೋರು ಯಾರೇ?’ ಅಂದಿದ್ದಳು.

ಬಸ್ತಿಹಳ್ಳಿಯ ಬಸದಿಗೆ ನನ್ನನ್ನು ಮೊದಲು ಕರೆದುಕೊಂಡು ಹೋದವಳೂ ಅವಳೇ. ಪ್ರವಾಸಿಗಳೆಲ್ಲ ಹಳೇಬೀಡಿನ ಗುಡಿ ನೋಡಿ ಬಸ್ಸು ಹತ್ತಿದ ಮೇಲೆ ಅಲ್ಲಿ ಯಾರೂ ಇರುತ್ತಿರಲಿಲ್ಲ. ಕನ್ನಡಿಯಂತೆ ನುಣುಪಾದ ಕಂಬಗಳ ನಡುವೆ ನಿಲ್ಲಿಸಿ, ಕೂಗು ಅಂದಳು. ಕೂಗಿದೆ. ಒಳಗಿನ ಕತ್ತಲೆಯಿಂದ ನನ್ನ ದನಿ ದೊಡ್ಡದಾಗಿ ತಿರುಗಿ ಬಂತು. ನನ್ನ ದನಿಯನ್ನು ನಾನು ಮೊದಲು ಕೇಳಿಸಿಕೊಂಡದ್ದು ಆಗಲೇ.

ನಾನು ದೇಶ ಬಿಡುವ ಮುಂಚೆ ಹೇಳಿ ಹೋಗಲು ಅವಳ ಮನೆಗೆ ಹೋಗಿದ್ದೆ. ಅವಳು ದೃಷ್ಟಿ ತೆಗೆದು, ಸೆರಗಿನಲ್ಲಿ ಕೈ ಒರೆಸಿಕೊಂಡು ಹೇಳಿದಳು: ‘ಊರೋರ್ಗೆಲ್ಲ ನಾನತ್ತೆ. ನಂಗೆ ಯಾರವ್ರೆ? ನೀನು ಬಂದು ಹೇಳ್ಕಂಡು ಅಳ್ಬೇಕು ಕಣೇ ಗಿರಿಜಾ.’ ಆಯ್ತು ಎಂದು ಮಾತು ಕೊಟ್ಟಿದ್ದೆ.

ಮೊದಲ ಪ್ರದರ್ಶನ ಹತ್ತಿರದಲ್ಲಿದ್ದಾಗ ರಂಗಮಂದಿರದ ಆಫೀಸಿಗೆ ಅಪ್ಪನ ಫೋನು ಬಂತು. ದೊಡ್ಡಮ್ಮ ತೀರಿಕೊಂಡಿದ್ದಳು. ಗೊಣಗುತ್ತಲೇ ರಜೆ ಕೊಟ್ಟರು. ಅತ್ತು ಗಂಟಲು ಕೆಡಿಸಿಕೊಂಡು ಬಂದರೆ ಪಾತ್ರ ಬೇರೆಯವಳದು ಎಂದೂ ತಿಳಿಸಿದರು. ಪಾತ್ರ ಹೋದರೆ ಹೋಗಲಿ, ಕೊಟ್ಟ ಮಾತು ಉಳಿಯಲಿ ಎಂದು ವಿಮಾನದಲ್ಲೇ ಗಟ್ಟಿ ಮಾಡಿಕೊಂಡೆ.

ಅರಸೀಕೆರೆಯಲ್ಲಿ ರೈಲಿಳಿದು ಬಸ್ಸು ಹಿಡಿದು ಬಸ್ತಿಹಳ್ಳಿ ಮುಟ್ಟುವಷ್ಟರಲ್ಲಿ ಮಣ್ಣಾಗಿತ್ತು. ಆದರೂ ನಮ್ಮ ಕಡೆ ತಡವಾಗಿ ಬಂದವರನ್ನು ಬಾಗಿಲಲ್ಲೇ ತಬ್ಬಿಕೊಂಡು ಹೊಸದಾಗಿ ಅಳುತ್ತಾರೆ. ಹೆಂಗಸರು ಎದ್ದು ಬಂದರು. ಪಕ್ಕದ ಮನೆಯ ಪುಟ್ಟಮ್ಮ, ಕೊನೆಯ ದಿನಗಳಲ್ಲಿ ದೊಡ್ಡಮ್ಮನನ್ನು ನೋಡಿಕೊಂಡವಳು, ನನ್ನ ಕೊರಳಿಗೆ ಬಿದ್ದಳು. ಅಮ್ಮ ನನ್ನ ಬೆನ್ನು ಸವರಿ, ‘ಹೇಳವ್ವ, ನಿನ್ನೇ ಕಾಯ್ತಿದ್ಲು’ ಅಂದಳು.

‘ದೊಡ್ಡಮ್ಮಾ’ ಎಂದು ಎತ್ತಿದೆ.

ಆಮೇಲೆ ಏನು ಹೇಳಲಿ? ಅವಳ ಕೊನೆಯ ಹಸುವಿನ ಹೆಸರು ನನಗೆ ಗೊತ್ತಿರಲಿಲ್ಲ. ಯಾವ ಕಾಯಿಲೆ, ಯಾರು ನೀರು ಕುಡಿಸಿದರು, ಯಾರ ಮೇಲೆ ಮುನಿಸಿತ್ತು, ಒಂದೂ ಗೊತ್ತಿರಲಿಲ್ಲ. ಮಾತಿಲ್ಲದ ದನಿ ಆ ಒಂದು ಹೆಸರನ್ನೇ ಹಿಡಿದುಕೊಂಡು ಮೇಲೇರಿತು. ಒಡೆಯಲಿ ಎಂದು ಬಿಟ್ಟುಬಿಟ್ಟೆ, ಒಡೆಯಲಿಲ್ಲ. ವರ್ಷಗಟ್ಟಲೆ ಪಳಗಿಸಿದ ದನಿ ಅದು. ದುಂಡಗೆ, ಶುದ್ಧವಾಗಿ, ವೇದಿಕೆಯ ಮೇಲೆ ಬರುವ ಹಾಗೇ ಬಂತು. ಅಳುತ್ತಿದ್ದ ಹೆಂಗಸರು ಒಬ್ಬೊಬ್ಬರಾಗಿ ಅಳು ನಿಲ್ಲಿಸಿದರು. ಕೊರಳು ಬಿಟ್ಟು ಹಿಂದೆ ಸರಿದು ನಿಂತು, ಕೇಳಿಸಿಕೊಂಡರು.

ಪುಟ್ಟಮ್ಮ ಕಣ್ಣೊರೆಸಿಕೊಂಡು, ‘ಚೆಂದಾಗೈತೆ ಕಣವ್ವ ನಿನ್ ದನಿ’ ಅಂದಳು. ನೋಯಿಸಬೇಕೆಂದು ಹೇಳಿದ್ದಲ್ಲ. ಅಮ್ಮ ಕಾಫಿಗಿಡಲು ಒಳಗೆ ಹೋದಳು. ನನಗೆ ಅಲ್ಲೇ ನೆಲ ಬಿರಿದು ನುಂಗಬಾರದೆ ಅನ್ನಿಸಿತು.

ಸಂಜೆ ಜಗಲಿಯ ಮೇಲೆ ಪುಟ್ಟಮ್ಮನನ್ನು ಕೂರಿಸಿಕೊಂಡು ಒಂದೊಂದಾಗಿ ಕೇಳಿದೆ. ಹಸುವಿನ ಹೆಸರು ತುಂಗೆ. ಕೊನೆಯಲ್ಲಿ ದೊಡ್ಡಮ್ಮನಿಗೆ ಮುದ್ದೆ ಇಳಿಯುತ್ತಿರಲಿಲ್ಲ, ಗಂಜಿ ಮಾಡಿ ಕುಡಿಸುತ್ತಿದ್ದರು. ಕಾಲಿನಲ್ಲಿ ಶಕ್ತಿ ಇರುವ ತನಕ ಹೊತ್ತು ಇಳಿಯುವಾಗ ಕೋಲೂರಿಕೊಂಡು ಬಸದಿಗೆ ಹೋಗಿ, ಬಾಗಿಲಲ್ಲಿ ನಿಂತು ನನ್ನ ಹೆಸರು ಹಿಡಿದು ಕೂಗುತ್ತಿದ್ದಳಂತೆ.

‘ಯಾಕಕ್ಕ ಅಂದ್ರೆ, ಓ ಅಂತಾಳೇನೋ ನೋಡ್ತೀನಿ ಅಂತಿದ್ಲು’ ಎಂದಳು ಪುಟ್ಟಮ್ಮ.

ಪಾತ್ರ ನನ್ನ ಕೈತಪ್ಪಲಿಲ್ಲ. ಮೊದಲ ಪ್ರದರ್ಶನದ ಸಂಜೆ ಅದೇ ಆಜಾನುಬಾಹು ಗಂಡಸು ಮತ್ತೆ ಎಡಭುಜದ ಮೇಲೆ ಉಗಿದ. ಈ ಸಲ ನಾನು ಧನ್ಯವಾದ ಹೇಳಲಿಲ್ಲ. ವೇದಿಕೆಯ ಮೇಲೆ ಬಾಯಿ ಇಟಾಲಿಯನ್ನಿನಲ್ಲಿ ಯಾರದೋ ತಂದೆಯನ್ನು ಕರೆಯುತ್ತಿತ್ತು. ಒಳಗೆ ನಾನು ತುಂಗೆಯನ್ನು, ಗಂಜಿಯನ್ನು, ಊರುಗೋಲನ್ನು ಹೇಳಿಕೊಳ್ಳುತ್ತಿದ್ದೆ. ಮುಂದಿನ ಸಾಲಿನವರು ಕರವಸ್ತ್ರ ತೆಗೆದರು. ಯಾರಿಗಾಗಿ ಅಳುತ್ತಿದ್ದೇವೆಂದು ಅವರಿಗೆ ಗೊತ್ತಿರಲಿಲ್ಲ. ಗೊತ್ತಿದ್ದವರ ಮುಂದೆ ನನ್ನಿಂದ ಆಗಿರಲಿಲ್ಲ. ಪತ್ರಿಕೆಗಳು ಹೊಗಳಿದವು, ಬೇರೆ ಊರುಗಳಿಂದ ಕರೆ ಬಂತು. ಈಗ ನನ್ನನ್ನು ಬೆಳೆಯುತ್ತಿರುವ ಗಾಯಕಿ ಅನ್ನುತ್ತಾರೆ.

ಆ ಮೊದಲ ಪ್ರದರ್ಶನದ ಮಾರನೆಯ ಬೆಳಿಗ್ಗೆ, ಬಿಟ್ಟುಬಂದಿದ್ದ ಶಾಲು ತರಲು ರಂಗಮಂದಿರಕ್ಕೆ ಹೋದೆ. ಒಳಗೆ ಯಾರೂ ಕಾಣಲಿಲ್ಲ. ವೇದಿಕೆಯ ಅಂಚಿನಲ್ಲಿ ನಿಂತು, ‘ಓ, ದೊಡ್ಡಮ್ಮಾ’ ಎಂದು ಕೂಗಿದೆ. ಮೆತ್ತನೆಯ ಕುರ್ಚಿಗಳು ಅದನ್ನು ಹೀರಿಕೊಂಡವು, ಏನೂ ತಿರುಗಿ ಬರಲಿಲ್ಲ. ಹಿಂದಿನ ಸಾಲುಗಳ ನಡುವೆ ಬಗ್ಗಿ ಕಸ ತೆಗೆಯುತ್ತಿದ್ದ ಹೆಂಗಸೊಬ್ಬಳು ಸೊಂಟ ನೆಟ್ಟಗೆ ಮಾಡಿಕೊಂಡು ನನ್ನ ಕಡೆ ನೋಡಿ ನಕ್ಕಳು.

‘ಷ್ಯೋನ್’ ಅಂದಳು. ಚೆಂದಾಗೈತೆ ಅಂತ ಅರ್ಥ.