ಮಕ್ಫೂಲಳ ಮುರುಕು ಯಂತ್ರ ಮತ್ತು ಒಂದು ಒಂಟೆ

ಮಾರಿಟೇನಿಯಾದಲ್ಲಿ ಚಿನ್ನ ಹುಡುಕುವವರ ಊರಾದ ಶಾಮಿಯಲ್ಲಿ ಸೂರ್ಯ ಹುಟ್ಟುವುದು ಮಕ್ಫೂಲಳ ಕೆಮ್ಮು ಕೇಳಿದ ಮೇಲೆಯೇ. ಅವಳು ಗಂಟಲು ಸರಿಮಾಡಿಕೊಂಡು, ಸೆರಗನ್ನು ತಲೆಗೆ ಬಿಗಿದು, ಮೆಟಲ್ ಡಿಟೆಕ್ಟರನ್ನು ಹೆಗಲಿಗೇರಿಸಿದಳೆಂದರೆ ಸಹಾರಾದ ಕತ್ತಲು ಗಂಟುಮೂಟೆ ಕಟ್ಟಲೇಬೇಕು.

ಯಂತ್ರವೋ, ಗುಜರಿಯವನೂ ಮುಖ ತಿರುಗಿಸುವಂಥದ್ದು. ಹಿಡಿಕೆ ಗುಡಾರದ ಗೂಟ. ಇಯರ್‌ಫೋನು ಸತ್ತ ರೇಡಿಯೊದ್ದು. ನೆಲ ಮೂಸುವ ತಟ್ಟೆಗೆ ಬಕೆಟ್ಟಿನ ಪ್ಲಾಸ್ಟಿಕ್ ಮುಚ್ಚಳ. ಚಿನ್ನದ ಆಸೆ ಬಿಟ್ಟು ನುವಾದಿಬುವಿಗೆ ಮೀನು ಹಿಡಿಯಲು ಹೊರಟವನೊಬ್ಬ ಒಂದು ಹೋತಕ್ಕೆ ಬದಲಾಗಿ ಇದನ್ನು ಅವಳಿಗೆ ಕೊಟ್ಟುಹೋದ. ಮೋಸಹೋದದ್ದು ಹೋತವೇ ಎಂದು ಊರೆಲ್ಲ ನಕ್ಕಿತು. ಈಗ ಅದೇ ಯಂತ್ರದಲ್ಲಿ ಅವಳಿಗೆ ನೆಲದಡಿಯ ಇರುವೆ ಆಕಳಿಸುವುದೂ ಕೇಳಿಸುತ್ತದೆ. ನಂಬದವರು ಬಂದು ಇರುವೆಯನ್ನೇ ಕೇಳಿಕೊಳ್ಳಲಿ.

ಹಗಲೆಲ್ಲ ಚಹಾ, ಕುಸ್‌ಕುಸ್ ಮಾರುವ ಈ ವಿಧವೆ ಮುಂಜಾನೆಯ ತಂಪಿನಲ್ಲಿ ಹೊಸಬರಿಗೆ ಪಾಠ ಹೇಳುತ್ತಾಳೆ. ದೊಡ್ಡ ಯಂತ್ರ ಕೊಳ್ಳಲಾರದವರೇ ಅವಳ ಶಿಷ್ಯರು. ಮೊದಲ ದಿನ ಚಿನ್ನದ ಮಾತೇ ಇಲ್ಲ. ಗುಡಾರದ ಮುಂದೆ ಸಾರ್ಡೀನ್ ಡಬ್ಬಿ, ಮೊಳೆ, ತನ್ನ ಬೆಳ್ಳಿಯುಂಗುರ ಹೂತಿಟ್ಟು, ಯಾವುದು ಎಲ್ಲಿದೆಯೆಂದು ಕಿವಿಯಿಂದಲೇ ಹೇಳಿಸುತ್ತಾಳೆ.

“ಮೊದ್ಲು ಕಸದ ಗುರುತು ಹಿಡಿ. ಆಮೇಲೆ ಚಿನ್ನ. ಮಗೂಗೆ ಎಣ್ಣೆ ಸವರ್ದಂಗೆ ನಿಧಾನಕ್ಕೆ ಆಡ್ಸಪ್ಪಾ, ಹಾವು ಹೊಡೆಯೋನ ಥರ ಬೀಸ್ಬೇಡ!”

ಇಂದು ಬೆಳಿಗ್ಗೆ ಮಾತ್ರ ಪಾಠಕ್ಕೆ ಪುರುಸೊತ್ತಿಲ್ಲ. ಅಕ್ಜೂಜ್ ಕಡೆಯಿಂದ ಚಿನ್ನ ಹುಡುಕಿಕೊಂಡು ಬಂದ ಕುರುಬ ಸಿದಾತಿ ತನ್ನ ಹಾಲಿನ ಒಂಟೆ ಜರ್ಗಾಳನ್ನು ಮಾರಲು ನಿಂತಿದ್ದಾನೆ. ಅವನ ಮಕ್ಕಳು ಬೆಳೆಯುತ್ತಿರುವುದೇ ಅವಳ ಹಾಲಿನಲ್ಲಿ. ಕಾಲು ಕಟ್ಟಿಸಿಕೊಂಡು ಜರ್ಗಾ ಮಂಡಿಯೂರಿದ್ದಾಳೆ, ಒಂಟೆ ವ್ಯಾಪಾರಿ ಚಹಾ ಹೀರುತ್ತ ಕೂತಿದ್ದಾನೆ, ಅವನ ಪಿಕಪ್ಪು ಹಿಂಬಾಗಿಲು ತೆರೆದು ಕಾದಿದೆ.

“ಅಕ್ಕಾ, ನನ್ನ ಹಳೇ ಡಬ್ಬಾ ಮಷೀನಿಗೆ ಹುಚ್ಚು ಹಿಡಿದಿದೆ. ಎಲ್ಲಿಟ್ರೂ ಕಿರುಚುತ್ತೆ, ಅಗೆದ್ರೆ ಏನೂ ಇಲ್ಲ. ಇವಳನ್ನ ಕೊಟ್ಟು ಹೊಸದು ತಗೋತೀನಿ,” ಎನ್ನುತ್ತಾನೆ ಸಿದಾತಿ. ಅವನು ತೋಡಿದ ಗುಂಡಿಗಳಲ್ಲಿ ಇಡೀ ನುವಾಕ್ಷೋಟ್ ನಗರವನ್ನೇ ಬಚ್ಚಿಡಬಹುದು.

“ಎಲ್ಲಿ, ಒಂದ್ಸಲ ಆಡ್ಸು.”

ಸಿದಾತಿ ಬಾಗುತ್ತಾನೆ. ಅವನ ಅಗಲವಾದ ನೀಲಿ ದರಾ ನಿಲುವಂಗಿಯೂ ಜೊತೆಗೇ ಬಾಗುತ್ತದೆ, ಎದೆಯ ಮೇಲಿನ ದೊಡ್ಡ ಜೇಬು ತಟ್ಟೆಯ ಹತ್ತಿರಕ್ಕೇ ಜೋತುಬೀಳುತ್ತದೆ. ಯಂತ್ರ ಕಿಟಾರನೆ ಕಿರುಚುತ್ತದೆ.

“ಅಂಗಿ ಬಿಚ್ಚು,” ಎನ್ನುತ್ತಾಳೆ ಮಕ್ಫೂಲ.

ವ್ಯಾಪಾರಿಗೆ ಚಹಾ ನೆತ್ತಿಗೇರುತ್ತದೆ. ಸಿದಾತಿಯ ಕಿವಿ ಎಷ್ಟು ಕೆಂಪಾಗುತ್ತದೆಂದರೆ, ಅದರ ಮೇಲೆ ಕೆಟಲ್ ಇಟ್ಟರೂ ನೀರು ಕುದಿಯುತ್ತಿತ್ತು.

“ಅಕ್ಕಾ! ನಂಗೂ ಮಾನ ಅನ್ನೋದಿದೆ!”

“ನಿನ್ನ ಮಾನ ಯಾರಿಗ್ ಬೇಕೋ? ಒಳಗೆ ಬನೀನು, ಇಜಾರ ಇದೆಯಲ್ಲ. ನಾನು ಆ ಕಡೆ ತಿರುಗ್ತೀನಿ, ನಿನ್ನ ಒಂಟೆನೂ ತಿರುಗಿಸ್ತೀನಿ. ಬಿಚ್ಚು!”

ಅಂಗಿ ವ್ಯಾಪಾರಿಯ ಕೈಸೇರುತ್ತದೆ. ಮತ್ತೆ ಆಡಿಸಿದರೆ ಯಂತ್ರ ಗಪ್‌ಚುಪ್. ಮಕ್ಫೂಲ ಜೇಬಿಗೆ ಕೈಹಾಕಿ ಒಂದೊಂದಾಗಿ ಹೊರತೆಗೆಯುತ್ತಾಳೆ: ಕಬ್ಬಿಣದ ಚಿಲುಮೆ, ತಂಬಾಕಿನ ತಗಡಿನ ಡಬ್ಬಿ, ಚಾಕು.

“ಪಾಪ, ಮಷೀನು ಇದನ್ನೇ ಹೇಳ್ತಾ ಇತ್ತು. ನೀನು ನೆಲ ಅಗೆದೆ, ಜೇಬು ಅಗೀಬೇಕಿತ್ತು.”

ಸಿದಾತಿ ಮತ್ತೆ ನೆಲ ಸವರುತ್ತಾನೆ, ಈಗ ಮಗುವಿಗೆ ಎಣ್ಣೆ ಹಚ್ಚುವವನ ಹಾಗೆ. ಪಕ್ಕದ ಒಣ ಹಳ್ಳದ ಅಂಚಿನಲ್ಲಿ ಒರಟು ದನಿಯೊಂದು ಏಳುತ್ತದೆ. ಅವನು ಕಣ್ಣು ಮುಚ್ಚಿ ಆಲಿಸಿ, “ಇದು ಕಬ್ಬಿಣ, ಅಕ್ಕಾ. ಮೊಳೆ,” ಎನ್ನುತ್ತಾನೆ. ಅಗೆದರೆ ತುಕ್ಕು ಹಿಡಿದ ಮೊಳೆಯೇ! ಚಿನ್ನದ ಗಟ್ಟಿ ಸಿಕ್ಕವನೂ ಆ ಪರಿ ಕುಣಿದಿರಲಾರ. ಕುಣಿತ ನಿಲ್ಲಿಸಿದವನೇ ಹೋಗಿ ಜರ್ಗಾಳ ಕಾಲಿನ ಹಗ್ಗ ಬಿಚ್ಚುತ್ತಾನೆ.

“ಚಿನ್ನ ಬಿಟ್ಟು ಮೊಳೆಗೆ ಕುಣಿಯೋರನ್ನ ಇಲ್ಲೇ ನೋಡಿದ್ದು,” ಎಂದು ವ್ಯಾಪಾರಿ ಗೊಣಗುತ್ತಾನೆ.

“ನೀನು ಚಹಾ ಕುಡಿ ಅಣ್ಣಾ, ಆರಿಹೋಗುತ್ತೆ,” ಎಂದು ಮಕ್ಫೂಲ ಅವನ ಲೋಟವನ್ನು ನೊರೆಯುಕ್ಕುವಂತೆ ತುಂಬಿಸುತ್ತಾಳೆ.

ಇಷ್ಟು ಚುರುಕು ಕಿವಿಯುಳ್ಳ ನಿನಗೇ ಒಂದು ಹೊಸ ಯಂತ್ರ ಬೇಡವೇ ಎಂದು ಯಾರಾದರೂ ಕೇಳಿದರೆ ಮಕ್ಫೂಲ ನಗುತ್ತಾಳೆ. “ನಂಗ್ಯಾಕಪ್ಪಾ? ಚಿನ್ನ ಸಿಗಬಹುದು, ಸಿಗದೇನೂ ಇರಬಹುದು. ಒಂಟೆ ಏರಿ ಶಾಮಿಗೆ ಬಂದೋರು ಒಂಟೆ ಮೇಲೇ ಮನೆಗೆ ಹೋಗ್ಲಿ. ನಂಗಷ್ಟು ಸಾಕು.”